ಎಲ್ಲ ಮೇಜೂ ಉಜ್ಜಿದವಳು

ಆ ಕಾಲೇಜಿನ ಮೇಜುಗಳನ್ನು ಮೇಲಿನಿಂದ ನೋಡಿದವರು ಬಹಳ ಮಂದಿ. ಅವರಲ್ಲಿ ಡಾಕ್ಟರಾದವರಿದ್ದಾರೆ, ಜಡ್ಜಾದವರಿದ್ದಾರೆ, ಏನೂ ಮಾಡದೆ ಸುಮ್ಮನೆ ದೊಡ್ಡ ಮನುಷ್ಯರಾದವರೂ ಇದ್ದಾರೆ. ಕೆಳಗಿನಿಂದ ನೋಡಿದವಳು ಸೋಪಕ್ಕ. ನೆಲದ ಮೇಲೆ ಅಂಗಾತ ಮಲಗಿ, ತಲೆಯನ್ನು ಮೇಜಿನ ಕಾಲುಗಳ ನಡುವೆ ತೂರಿಸಿ, ಮೊಂಡು ಚಾಕುವಿನಿಂದ ಚೂಯಿಂಗ್ ಗಮ್ ಕೆರೆಯುವುದು ಅವಳ ಕೆಲಸ. ಕೆರೆದದ್ದು ಕೆಳಗೆ ಬೀಳುತ್ತದೆ. ಕೆಳಗಿರುವುದು ಅವಳ ಮುಖ. ಅತಿ ಬುದ್ಧಿವಂತ ಮಕ್ಕಳು ಜಗಿದು ಅಂಟಿಸಿದ್ದು ಅವಳ ಹುಬ್ಬಿಗೆ, ಕೂದಲಿಗೆ, ಒಮ್ಮೊಮ್ಮೆ ಬಾಯಿಗೂ ಬೀಳುತ್ತಿತ್ತು. ಬುದ್ಧಿವಂತಿಕೆ ಅಂಟುರೋಗವಾಗಿದ್ದರೆ ಸೋಪಕ್ಕ ಇಷ್ಟು ಹೊತ್ತಿಗೆ ಆ ಕಾಲೇಜಿಗೇ ಪ್ರಿನ್ಸಿಪಾಲ್ ಆಗಿರಬೇಕಿತ್ತು.

ಆಗಲಿಲ್ಲ. ಬೆನ್ನು ನೋವು ಮಾತ್ರ ಬಂತು.

ಆ ಕಾಲೇಜಿಗೆ ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕು. ಇಂತಿಷ್ಟು ಅಂಕ ಬಂದರೆ ಒಳಗೆ. ಬಾರದಿದ್ದರೆ ಹೊರಗೆ. ಯಾರು ಒಳಗೆ, ಯಾರು ಹೊರಗೆ ಎಂದು ನೋಡಿಕೊಳ್ಳುವ ಅಧಿಕಾರಿಗೆ ಕೆಲಸದ ಹೆಂಗಸರು ಅಂಕಪ್ಪ ಎಂದು ಹೆಸರಿಟ್ಟಿದ್ದರು. ಮನುಷ್ಯ ಕೆಟ್ಟವನೇನಲ್ಲ. ನೆಲ ಒದ್ದೆಯಿದ್ದರೆ ಬದಿಯಿಂದ ನಡೆಯುತ್ತಿದ್ದ, ಅದಕ್ಕೇ ಹೆಂಗಸರಿಗೆ ಅವನ ಮೇಲೆ ಸ್ವಲ್ಪ ಅಕ್ಕರೆ. ಆದರೆ ಬಾಯಿ ತೆರೆದರೆ ಅಂಕ, ಮುಚ್ಚಿದರೂ ಅಂಕ. "ಅಂಕಕ್ಕೆ ಕಣ್ಣಿಲ್ಲಮ್ಮ. ಅದು ಯಾರ ಮಗು ಅಂತ ನೋಡಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಸೀಟು ಸಿಗದೆ ಅಳುತ್ತ ಬಂದವರು ಈ ಮಾತು ಕೇಳಿ ಇನ್ನಷ್ಟು ಅಳುತ್ತ ಹೋಗುತ್ತಿದ್ದರು.

ಹಾಗೆ ಹೋದವರಲ್ಲಿ ಸೋಪಕ್ಕನೂ ಒಬ್ಬಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಶಾಲೆಯಲ್ಲಿ ಯಾವತ್ತೂ ಮೊದಲಿನವಳು. ಮೇಷ್ಟ್ರುಗಳೆಲ್ಲ ಅವಳನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದರು. ಪ್ರವೇಶ ಪರೀಕ್ಷೆಯಲ್ಲಿ ಸೀಟು ಕೂದಲೆಳೆಯಷ್ಟರಲ್ಲಿ ತಪ್ಪಿತು. ಅಂಥ ಪ್ರಶ್ನೆಗಳನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ಪಕ್ಕದಲ್ಲಿ ಕೂತವರು ಎರಡು ವರ್ಷ ಕೋಚಿಂಗಿಗೆ ಹೋಗಿ ಅವನ್ನೇ ಉರು ಹೊಡೆದು ಬಂದಿದ್ದರು. ಸೋಪಕ್ಕ ಅಂಕಪ್ಪನ ಬಾಗಿಲಲ್ಲಿ ನಿಂತು, ಶಾಲೆಯ ಮಾರ್ಕ್ಸ್ ಕಾರ್ಡುಗಳನ್ನೆಲ್ಲ ತೋರಿಸಿದಳು. ಅವನು ನಿಜವಾಗಿಯೂ ಬೇಸರಪಟ್ಟ. "ಜಾಣೆ ಇರಬಹುದು. ಆದ್ರೆ ಅಂಕ ಅಂದ್ರೆ ಅಂಕ" ಎಂದ. ಸೋಪಕ್ಕ "ಆಯ್ತು ಸಾರ್" ಎಂದಳು. ಮಾರನೆಯ ದಿನ ಅವನ ಕೋಣೆಯನ್ನು ಎಂದಿನಂತೆ ಒರೆಸಿದಳು.

ದೊಡ್ಡವಳು ಲಾಂಡ್ರಿಗೆ ಸೇರಿದಳು. ಬೆಳಗಿನಿಂದ ಸಂಜೆವರೆಗೆ ನಿಂತೇ ಇಸ್ತ್ರಿ. ಅಂಗಿ, ಅಂಗಿ, ಮತ್ತೆ ಅಂಗಿ. ಮೊಣಕೈವರೆಗೆ ಸುಟ್ಟ ಗೀಟುಗಳು. ಆದರೆ ಅವಳ ತಲೆ ಇಸ್ತ್ರಿಗೆ ಸೇರಲಿಲ್ಲ. ತಂಗಿ ದೊಡ್ಡ ತರಗತಿಗೆ ಬರುತ್ತಿದ್ದಂತೆ ರದ್ದಿ ಅಂಗಡಿಯಿಂದ ಹಳೆಯ ಪ್ರಶ್ನೆಪುಸ್ತಕಗಳನ್ನು ಹೊತ್ತು ತಂದಳು. ಸಂಜೆ ಇಸ್ತ್ರಿ ಮೇಜಿನ ಒಂದು ತುದಿಯಲ್ಲಿ ತಂಗಿ, ಇನ್ನೊಂದು ತುದಿಯಲ್ಲಿ ಅಂಗಿ. ತಪ್ಪು ಉತ್ತರ ಹೇಳಿದರೆ ಅಕ್ಕ ಬಿಸಿ ಇಸ್ತ್ರಿ ಎತ್ತಿ ತೋರಿಸುತ್ತಿದ್ದಳು. ಇಂಥ ಶಿಸ್ತು ಯಾವ ಕೋಚಿಂಗಿನಲ್ಲೂ ಇಲ್ಲ. "ಪ್ರಶ್ನೆ ಓದ್ಬೇಡ ಕಣೇ. ಪ್ರಶ್ನೆ ಹಾಕಿದವನು ನಿನ್ನನ್ನ ಎಲ್ಲಿ ಬೀಳಿಸ್ಬೇಕು ಅಂತಿದಾನೆ, ಅದನ್ನ ಓದು" ಎನ್ನುತ್ತಿದ್ದಳು. ಬಿದ್ದವಳಿಗೆ ಗುಂಡಿ ಎಲ್ಲಿದೆ ಎಂದು ಗೊತ್ತಿತ್ತು.

ಪರೀಕ್ಷೆ ಅದೇ ಕಾಲೇಜಿನ ದೊಡ್ಡ ಹಾಲಿನಲ್ಲಿ. ಹಿಂದಿನ ದಿನ ಕೆಲಸದವರ ಮೇಸ್ತ್ರಿ ಬಂದು ಕೂಗಾಡಿದ. "ಮೇಜಿನ ಮೇಲೆ ಒಂದು ಗೀಟು, ಒಂದು ಚೂರು ಕಾಗದ ಕಂಡ್ರೂ ನಿಮ್ಮನ್ನ ಮನೆಗೆ ಕಳಿಸ್ತೀನಿ!"

ಚಿಕ್ಕವಳು ಆ ಹಾಲಿನಲ್ಲೇ ಬರೆಯುವವಳಿದ್ದಳು. ಯಾವ ಮೇಜು ಎಂದು ಸೋಪಕ್ಕನಿಗೆ ತಿಳಿಯದು. ತಿಳಿಯದೆ ಎಲ್ಲ ಮೇಜನ್ನೂ ಮಗಳ ಮೇಜಿನಂತೆ ಉಜ್ಜಿದಳು. ಮೇಲೆ ಉಜ್ಜಿದಳು, ಕೆಳಗೆ ಕೆರೆದಳು, ಕಾಲುಗಳನ್ನೂ ಬಿಡಲಿಲ್ಲ. ಉಜ್ಜುವ ಭರದಲ್ಲಿ, ಮೇಜಿನ ಮೂಲೆಮೂಲೆಗೆ ಯಾರೋ ಚಿಕ್ಕ ಚಿಕ್ಕ ಕಾಗದ ಅಂಟಿಸಿದ್ದು ಕಂಡಿತು. ಯಾರ ಮಕ್ಕಳ ಕಿತಾಪತಿಯೋ ಎಂದು ಬೈದುಕೊಂಡು, ಒಂದೂ ಬಿಡದೆ ಸೋಪಿನ ನೀರಿನಲ್ಲಿ ನೆನೆಸಿ ಕಿತ್ತು ಹಾಕಿದಳು. ಆಫೀಸಿನ ಗುಮಾಸ್ತರು ಅರ್ಧ ದಿನ ಕೂತು ಅಂಟಿಸಿದ್ದ ಸೀಟಿನ ಸಂಖ್ಯೆಗಳು ಬಕೆಟ್ಟಿನಲ್ಲಿ ತೇಲಿದವು.

ಗುಮಾಸ್ತರು ತಲೆ ತಲೆ ಚಚ್ಚಿಕೊಂಡರು. ಸೋಪಕ್ಕ ನಾಲಿಗೆ ಕಚ್ಚಿಕೊಂಡಳು. ಮತ್ತೆ ಅಂಟಿಸಿದ್ದಾಯಿತು, ಅವರೇ ಅಂಟಿಸಿದರು. ಮರುದಿನ ಚಿಕ್ಕವಳಿಗೆ ಸಿಕ್ಕಿದ್ದು ಕಕ್ಕಸಿನ ಬಾಗಿಲ ಪಕ್ಕದ ಮೇಜು. ಪರೀಕ್ಷೆ ಮುಗಿಯುವವರೆಗೆ ಬಾಗಿಲು ಕಿರ್ ಎನ್ನುತ್ತಲೇ ಇತ್ತು. ಇಸ್ತ್ರಿಪೆಟ್ಟಿಗೆಯ ಕೆಳಗೆ ಓದಿದ ಹುಡುಗಿಗೆ ಬಾಗಿಲ ಕಿರುಗುಟ್ಟುವಿಕೆ ಯಾವ ಲೆಕ್ಕ!

ಫಲಿತಾಂಶ ಬಂದ ದಿನ ಸೋಪಕ್ಕ ಅಂಕಪ್ಪನ ಕೋಣೆಯಲ್ಲಿ ಕಿಟಕಿ ಒರೆಸುತ್ತಿದ್ದಳು. ಅವನು ಗುಮಾಸ್ತನನ್ನು ಕರೆದು, "ಈ ಹುಡುಗಿ ನೋಡ್ರಿ! ಎಂಥಾ ಅಂಕ! ಇಂಥವರು ಬಂದ್ರೆ ಕಾಲೇಜಿಗೇ ಕಳೆ" ಎಂದು ಕುಣಿಯುತ್ತಿದ್ದ. ಹೆಸರು ಓದಿದ. ಸೋಪಕ್ಕನ ಕೈಯಿಂದ ಬಟ್ಟೆ ಜಾರಿತು.

"ಸಾರ್, ಅದು ನಮ್ಮ ಚಿಕ್ಕದು!"

ಅಂಕಪ್ಪ ತಿರುಗಿ ನೋಡಿದ. ನಗು ಅಲ್ಲೇ ಇತ್ತು, ಆದರೆ ಒಳಗಿನಿಂದ ಯಾರೋ ದೀಪ ಆರಿಸಿದ ಹಾಗಾಯಿತು. "ನಿನ್ನ ಮಗಳಾ?" ಎಂದ. ಆಮೇಲೆ, "ಆ ಹಾಲ್ ಉಜ್ಜಿದ್ದು ನೀನೇ ಅಲ್ವಾ?" ಎಂದ.

"ನಾನೇ ಸಾರ್" ಎಂದಳು ಸೋಪಕ್ಕ, ಹೆಮ್ಮೆಯಿಂದ.

ಕಣ್ಣಿಲ್ಲದ ಅಂಕಕ್ಕೆ ಆ ಗಳಿಗೆಯಲ್ಲಿ ಕಣ್ಣು ಬಂತು.

ಮಾರನೆಯ ದಿನ ಮೇಸ್ತ್ರಿ ಬಂದು ತಾಯಿ ಮಗಳಿಬ್ಬರನ್ನೂ ಅದೇ ಕೋಣೆಗೆ ಕರೆದೊಯ್ದ. ಅಂಕಪ್ಪನ ಜೊತೆ ಇನ್ನಿಬ್ಬರು ದೊಡ್ಡವರು ಕೂತಿದ್ದರು, ಒಬ್ಬರು ಕನ್ನಡಕದವರು, ಒಬ್ಬರು ಕೆಮ್ಮುವವರು. ಮೂರು ಕುರ್ಚಿ ಖಾಲಿ ಇದ್ದವು. ಕೂರಿ ಎಂದು ಯಾರೂ ಹೇಳಲಿಲ್ಲ.

"ಯಾವ ಕೋಚಿಂಗ್?" ಎಂದರು ಕನ್ನಡಕದವರು.

"ಅಕ್ಕ ಹೇಳಿಕೊಟ್ಲು" ಎಂದಳು ಚಿಕ್ಕವಳು.

"ಅಕ್ಕ ಏನು ಓದಿದಾಳೆ?"

"ಓದ್ಬೇಕು ಅಂತಿದ್ಲು. ನೀವು ಬೇಡ ಅಂದ್ರಿ. ಈಗ ಇಸ್ತ್ರಿ ಮಾಡ್ತಾಳೆ."

ಕೆಮ್ಮುವವರು ಕೆಮ್ಮಿದರು. ಅದು ನಗುವೋ ಕೆಮ್ಮೋ ತಿಳಿಯಲಿಲ್ಲ.

ಅಂಕಪ್ಪ ಮೃದುವಾಗಿಯೇ ಮಾತಾಡಿದ. ಹಿಂದಿನ ದಿನ ಸಂಖ್ಯೆ ಕಿತ್ತು ಹಾಕಿದ್ದು ಯಾಕೆ? ಮಗಳ ಜಾಗ ಬದಲಾಗಲಿ ಅಂತಲಾ? ಮೇಜಿನ ಕೆಳಗೆ ಏನಾದರೂ ಅಂಟಿಸಿಟ್ಟಿದ್ದಳಾ? "ಕಳ್ಳತನ ಅಂತ ನಾನು ಹೇಳ್ತಿಲ್ಲ. ಅನುಮಾನ ಬರುತ್ತಲ್ಲ?" ಎಂದ. ಎರಡು ದಾರಿ ತೋರಿಸಿದ. ಹುಡುಗಿ ಒಬ್ಬಳೇ ಇದೇ ಕೋಣೆಯಲ್ಲಿ, ಇವರ ಕಣ್ಣೆದುರು ಮತ್ತೆ ಪರೀಕ್ಷೆ ಬರೆಯಲಿ. ಅದು ಬೇಡವಾದರೆ ಈ ಅಂಕ ಮರೆತುಬಿಡಲಿ, ಕೆಲಸದವರ ಮಕ್ಕಳು ಅಂತ ಕರುಣೆಯಿಂದ ಸಂಜೆ ತರಗತಿಯಲ್ಲಿ ಒಂದು ಸಣ್ಣ ಸೀಟು ಕೊಡುತ್ತಾರೆ. "ಅಂಕವೇ ಎಲ್ಲ ಅಲ್ಲಮ್ಮ. ಒಂದು ಪರೀಕ್ಷೆ ಮನುಷ್ಯನನ್ನ ಅಳೆಯೋಕಾಗಲ್ಲ" ಎಂದ.

ಈ ಮಾತು ಅಂಕಪ್ಪನ ಬಾಯಿಂದ ಬಂದದ್ದು ಕೇಳಿ ಗೋಡೆಯೂ ಬೆಚ್ಚಿರಬೇಕು.

"ಬರೀತೀನಿ" ಎಂದಳು ಚಿಕ್ಕವಳು.

"ಬರೆಯಲ್ಲ" ಎಂದಳು ಸೋಪಕ್ಕ.

ಅದು ತನ್ನದೇ ದನಿ ಎಂದು ಅವಳಿಗೆ ಮೊದಲು ಗೊತ್ತಾಗಲಿಲ್ಲ. ಆ ಕೋಣೆಯಲ್ಲಿ ಅವಳು ಅಲ್ಲಿಯವರೆಗೆ ಆಡಿದ್ದು 'ಆಯ್ತು ಸಾರ್', 'ಒದ್ದೆ ಇದೆ ಸಾರ್', 'ಕಾಲು ಎತ್ತಿ ಸಾರ್' ಇಷ್ಟೇ.

"ನಾನು ಉಜ್ಜಿದ್ದು ಒಂದು ಮೇಜಲ್ಲ ಸಾರ್. ಎಲ್ಲಾ ಮೇಜು. ನನ್ನ ಕೈ ತಾಗಿದ್ದಕ್ಕೆ ಅಂಕ ಕೆಡೋದಾದ್ರೆ ಎಲ್ಲರ ಅಂಕನೂ ಕೆಟ್ಟಿದೆ. ಎಲ್ಲರನ್ನೂ ಕರೀರಿ, ಎಲ್ಲರೂ ಬರೀಲಿ. ಆಗ ನನ್ನ ಮಗಳೂ ಬರೀತಾಳೆ."

"ಅದೆಲ್ಲ ಆಗೋ ಮಾತಲ್ಲ" ಎಂದರು ಕನ್ನಡಕದವರು.

"ಹಾಗಾದ್ರೆ ಇವಳದೂ ಆಗೋ ಮಾತಲ್ಲ."

ಅಂಕಪ್ಪನಿಗೆ ಮೊದಲ ಬಾರಿ ಸಿಟ್ಟು ಬಂತು. "ಸೀಟು ತುಂಬೋಕೆ ಶುಕ್ರವಾರದವರೆಗೆ ಟೈಮಿದೆ. ಅಷ್ಟರೊಳಗೆ ಮಗಳಿಗೆ ಬುದ್ಧಿ ಹೇಳು. ಇಲ್ಲಾಂದ್ರೆ ಎರಡೂ ಇಲ್ಲ. ಅಲ್ಲಿವರೆಗೂ ಈ ಕಾಲೇಜಿನ ಒಂದು ಮೇಜನ್ನೂ ನೀನು ಮುಟ್ಟಬೇಡ!"

ಮುಟ್ಟಬೇಡ. ಸೋಪಕ್ಕನ ತಾಯಿ ಕೇಳಿದ ಮಾತು ಅದು. ತಾಯಿಯ ತಾಯಿ ಕೇಳಿದ ಮಾತು. ಬಾವಿಯ ಹತ್ತಿರ ಕೇಳಿದ್ದರು, ಹೊಸ್ತಿಲ ಹತ್ತಿರ ಕೇಳಿದ್ದರು. ಈಗ ಮೇಜಿನ ಹತ್ತಿರ. ಆದರೆ ಸೋಪಕ್ಕನ ಮುಖದಲ್ಲಿ ಒಂದು ಸಣ್ಣ ನಗು ಬಂತು, ಅದು ಅವಳಿಗೂ ಆಶ್ಚರ್ಯ.

"ಆಯ್ತು ಸಾರ್. ಮುಟ್ಟಲ್ಲ" ಎಂದಳು.

ಹೊರಗೆ ಬಂದಕೂಡಲೇ ಚಿಕ್ಕವಳು ಅಮ್ಮನ ಮೇಲೆ ಹರಿಹಾಯ್ದಳು. "ಬರೆದಿದ್ರೆ ಮುಗೀತಿತ್ತು! ಮತ್ತೆ ಅಷ್ಟೇ ತೆಗೀತಿದ್ದೆ ನಾನು!"

"ಗೊತ್ತು ಕಣೇ. ಅದಕ್ಕೇ ಬೇಡ ಅಂದೆ. ಮತ್ತೆ ಬರೆದ್ರೆ ಮೊದಲನೇದು ಕದ್ದಿದ್ದು ಅಂತ ನಾವೇ ಒಪ್ಪಿದ ಹಾಗೆ. ಆಮೇಲೆ ಅಲ್ಲಿ ಓದೋ ಅಷ್ಟು ದಿನ ಪ್ರತಿ ಸಲ ಒಬ್ಬಳನ್ನೇ ಕೂರಿಸಿ ಬರೆಸ್ತಾರೆ."

"ಶುಕ್ರವಾರ ದಾಟಿದ್ರೆ?"

ಸೋಪಕ್ಕನಿಗೂ ಅದೇ ಹೆದರಿಕೆ. ಕೆಲಸ ಹೋದರೆ ಹೋಯಿತು, ಮಗಳ ಸೀಟು ಹೋದರೆ ಆ ಹುಡುಗಿ ಜನ್ಮವಿಡೀ ತನ್ನ ಮುಖ ನೋಡಲಿಕ್ಕಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ಕೆಲಸಕ್ಕೆ ಹೋದಳು. ಬಕೆಟ್ಟು ಎತ್ತಲಿಲ್ಲ. ಹಾಲಿನ ಮುಂದಿನ ಮೆಟ್ಟಿಲ ಮೇಲೆ ಕೈ ಕಟ್ಟಿ ಕೂತಳು. ಜೊತೆಯಲ್ಲಿ ಕೆಲಸ ಮಾಡುವ ಒಬ್ಬಳಿಗೆ ರೇಡಿಯೋ ಎಂದು ಹೆಸರು. ಬೆಳಿಗ್ಗೆ ಶುರುವಾದರೆ ನಿಲ್ಲಿಸುವ ಗುಂಡಿ ಇರಲಿಲ್ಲ. ಅವಳು ಬಂದು, "ಏನಕ್ಕ, ಮಹಾರಾಣಿ ಹಾಗೆ ಕೂತಿದೀಯಾ?" ಎಂದಳು. ಸೋಪಕ್ಕ ನಡೆದದ್ದು ಹೇಳಿದಳು. ರೇಡಿಯೋ ಮೊದಲ ಬಾರಿಗೆ ಬಾಯಿ ಮುಚ್ಚಿ ಕೇಳಿದಳು. ಕೇಳಿ ಮುಗಿದ ಮೇಲೆ ತನ್ನ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ನನ್ನ ಮಗನೂ ಇನ್ನೆರಡು ವರ್ಷಕ್ಕೆ ಪರೀಕ್ಷೆ ಬರೀತಾನೆ. ಈಗಿಂದಲೇ ಮುಟ್ಟದೇ ಇರೋದು ಒಳ್ಳೇದಪ್ಪ" ಎಂದು ಪಕ್ಕದಲ್ಲಿ ಕೂತಳು.

ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ತುಂಬ ಹೆಂಗಸರು. ಎಲ್ಲರಿಗೂ ಮಕ್ಕಳಿದ್ದರು. ಮಕ್ಕಳಿಲ್ಲದ ಒಬ್ಬಳು, "ಅಕ್ಕನ ಮಗ ಇದಾನೆ, ಅನುಮಾನ ಬರಬಾರದಲ್ಲ" ಎಂದು ಕೂತಳು.

ಮೇಸ್ತ್ರಿ ಬಂದು ಹಾರಾಡಿದ. "ಏಳ್ರೇ! ಕಕ್ಕಸು ನಾರ್ತಿದೆ!"

"ಅಯ್ಯೋ ಮೇಸ್ತ್ರಿ, ಕಕ್ಕಸಿನ ಪಕ್ಕದ ಮೇಜಲ್ಲೇ ಆ ಹುಡುಗಿ ಬರೆದಿದ್ದು. ಅಲ್ಲಂತೂ ನಾವು ಕಾಲೇ ಇಡಬಾರದು" ಎಂದಳು ರೇಡಿಯೋ.

ಮೇಸ್ತ್ರಿ ಹೊರಗಿನಿಂದ ಕೂಲಿಯವರನ್ನು ಕರೆತಂದ. ರೇಡಿಯೋ ಗೇಟಿನಲ್ಲೇ ಅವರನ್ನು ನಿಲ್ಲಿಸಿ ವಾರ್ತೆ ಓದಿದಳು. ಬಂದವರಲ್ಲಿ ಅರ್ಧ ಜನ ಹಿಂತಿರುಗಿದರು, ಅರ್ಧ ಜನ ಮೆಟ್ಟಿಲ ಮೇಲೆ ಜಾಗ ಕೇಳಿದರು.

ದೊಡ್ಡ ಕಾಲೇಜು ಎಷ್ಟು ಬೇಗ ಗಲೀಜಾಗುತ್ತದೆ ಎಂದು ಅಲ್ಲಿನವರಿಗೆ ಗೊತ್ತಿರಲಿಲ್ಲ. ಗೊತ್ತಾಗಲು ಸೋಪಕ್ಕ ಯಾವತ್ತೂ ಬಿಟ್ಟಿರಲಿಲ್ಲ. ಕಸದ ಬುಟ್ಟಿಗಳು ತುಂಬಿ ಚೆಲ್ಲಿದವು. ಪ್ರೊಫೆಸರುಗಳು ಮೂಗಿಗೆ ಕರವಸ್ತ್ರ ಹಿಡಿದು ಪಾಠ ಮಾಡಿದರು. ಅಂಕಪ್ಪನ ಮೇಜಿನ ಮೇಲೆ ಚಹಾದ ಲೋಟಗಳು ಸಾಲುಗಟ್ಟಿದವು, ತಳದಲ್ಲಿ ಬೂಷ್ಟು. ಗುರುವಾರ ಹೊಸ ಮಕ್ಕಳ ತಂದೆತಾಯಿಯರಿಗೆ ಕಾಲೇಜು ತೋರಿಸುವ ದಿನ. ಕಾಲೇಜಿನ ಅಧ್ಯಕ್ಷರು ಭಾಷಣಕ್ಕೆ ಬರುವವರಿದ್ದರು. ಬೇರೆ ದಾರಿ ಕಾಣದೆ ಗುಮಾಸ್ತರಿಗೆ ಪೊರಕೆ ಕೊಟ್ಟರು. ಅವರು ಧೂಳನ್ನು ಒಂದು ಕಡೆಯಿಂದ ಎಬ್ಬಿಸಿ ಇನ್ನೊಂದು ಕಡೆ ಕೂರಿಸಿದರು.

ಕೊನೆಗೆ ಅಂಕಪ್ಪ ತಾನೇ ಕೋಟು ಕಳಚಿಟ್ಟು ಮೇಜಿನ ಕೆಳಗೆ ತೂರಿದ. ಹಾಲಿನ ಬಾಗಿಲಿಂದ ಹೆಂಗಸರಿಗೆ ಕಂಡದ್ದು ಅವನ ಬೂಟುಗಳು ಮಾತ್ರ. ಒಳಗಿನಿಂದ ಕರಕರ ಸದ್ದು. ಆಮೇಲೆ ಥೂ ಥೂ ಎಂದು ಉಗಿಯುವ ಸದ್ದು. ಸೋಪಕ್ಕನಿಗೆ ಪಾಪ ಅನ್ನಿಸಿತು. ನಗುವೂ ಬಂತು.

"ಬಾಯಿ ಮುಚ್ಕೊಂಡು ಕೆರೀಬೇಕು ಸಾರ್!" ಎಂದು ಮೆಟ್ಟಿಲಿಂದಲೇ ಕೂಗಿದಳು.

ಅವನು ನಾಲ್ಕು ಮೇಜು ಮುಗಿಸುವಷ್ಟರಲ್ಲಿ ಬೆನ್ನು ಹಿಡಿದುಕೊಂಡು ಎದ್ದ. ಉಳಿದ ಮೇಜುಗಳು ಹಾಗೇ ಉಳಿದವು, ಕುರ್ಚಿಗಳೂ ಹಾಗೇ. ಗುರುವಾರ ಅಧ್ಯಕ್ಷರು ಬಂದು ಮುಂದಿನ ಸಾಲಿನಲ್ಲಿ ಕೂತರು. ಪ್ರತಿಭೆಯೊಂದೇ ಈ ಕಾಲೇಜಿನ ಬಾಗಿಲು ಎಂದು ಮಾತಾಡಲು ಎದ್ದರು. ಕುರ್ಚಿ ಅವರನ್ನು ಬಿಡಲಿಲ್ಲ. ಪ್ಯಾಂಟಿನ ಹಿಂಭಾಗದಿಂದ ಕುರ್ಚಿಯವರೆಗೆ ಚೂಯಿಂಗ್ ಗಮ್ಮಿನ ಉದ್ದನೆಯ ಎಳೆ. ಅಧ್ಯಕ್ಷರು ಒಂದು ಹೆಜ್ಜೆ ಇಟ್ಟರೆ ಎಳೆಯೂ ಒಂದು ಹೆಜ್ಜೆ ಬಂತು. ತಂದೆತಾಯಿಯರು ಬಹಳ ಮರ್ಯಾದಸ್ಥರು, ಬೇರೆ ಕಡೆ ನೋಡಿದರು. ಮಕ್ಕಳು ಅಷ್ಟು ಮರ್ಯಾದಸ್ಥರಲ್ಲ.

ಒಳಗೆ ಏನು ನಡೆಯಿತೋ, ಅಂಕಪ್ಪ ಸಂಜೆಯ ಹೊತ್ತಿಗೆ ಮೆಟ್ಟಿಲ ಹತ್ತಿರ ಬಂದ. ಅವನ ಮುಖ ಇಂಗು ತಿಂದ ಮಂಗನಂತಿತ್ತು.

"ನಿನ್ನ ಮಗಳ ಅಂಕ ಅಂಕವೇ. ಪರೀಕ್ಷೆ ಗಿರೀಕ್ಷೆ ಏನೂ ಬೇಡ. ನಾಳೆ ಬಂದು ಸೇರ್ಕೊಳ್ಳಿ. ಏಳಿ ಇನ್ನ."

"ನನಗ್ಯಾಕೆ ಹೇಳ್ತೀರಿ ಸಾರ್? ಅವಳಿಗೆ ಹೇಳಿ."

ಚಿಕ್ಕವಳು ಮೆಟ್ಟಿಲ ತುದಿಯಲ್ಲಿ ನಿಂತಿದ್ದಳು. ಅಂಕಪ್ಪ ಅವಳ ಕಡೆ ತಿರುಗಿದ. "ನಿನ್ನ ಅಂಕ ನಿಂದೇ ಕಣಮ್ಮ" ಎಂದ. ಆಮೇಲೆ, "ತಪ್ಪಾಯ್ತು" ಎಂದ. ಅದು ಬಹಳ ಸಣ್ಣ ದನಿಯಲ್ಲಿ ಬಂತು, ಆದರೆ ರೇಡಿಯೋಗೆ ಕೇಳಿಸಿತು. ರೇಡಿಯೋಗೆ ಕೇಳಿಸಿದರೆ ಊರಿಗೇ ಕೇಳಿಸಿದ ಹಾಗೆ.

ಸೋಪಕ್ಕ ಚಿಕ್ಕವಳನ್ನು ಕರೆದುಕೊಂಡು ಓಡೋಡಿ ಮನೆಗೆ ಬಂದಳು. ದೊಡ್ಡವಳು ಆಗಷ್ಟೇ ಲಾಂಡ್ರಿಯಿಂದ ಬಂದು, ಬೆಂದ ಕೈಗೆ ತಣ್ಣೀರು ಹಾಕಿಕೊಳ್ಳುತ್ತಿದ್ದಳು. ಸುದ್ದಿ ಕೇಳಿ ತಂಗಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಮೂವರೂ ನಕ್ಕರು. ಅಂಕಪ್ಪನ ಬೂಟುಗಳ ಕತೆ ಕೇಳಿ ದೊಡ್ಡವಳಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ನಗುತ್ತಲೇ ಕೇಳಿದಳು.

"ಅಮ್ಮ, ನನ್ನ ಸಲ ನೀನು ಆಯ್ತು ಸಾರ್ ಅಂತ ಬಂದ್ಬಿಟ್ಟೆ ಅಲ್ವಾ?"

ಕೋಪದಿಂದ ಕೇಳಿದ್ದಲ್ಲ. ಸುಮ್ಮನೆ, ನೀರು ಖಾಲಿಯಾಯ್ತಾ ಎಂದು ಕೇಳುವ ಹಾಗೆ ಕೇಳಿದಳು. ಕೇಳಿ ಮತ್ತೆ ಕೈಗೆ ನೀರು ಹಾಕಿಕೊಂಡಳು. ಸೋಪಕ್ಕ ಮಗಳ ಕೈಯ ಸುಟ್ಟ ಗೀಟುಗಳನ್ನು ನೋಡಿದಳು. ಚಿಕ್ಕವಳಿಗೆ ಬಂದ ಅಂಕದಲ್ಲಿ ಅರ್ಧ ಈ ಕೈಯದು. ಈ ಕೈ ಒಳಗೆ ಹೋಗಬಾರದು ಎಂದವರು ಯಾರು? ತನಗೆ ಆಗ ಸಿಟ್ಟು ಯಾಕೆ ಬರಲಿಲ್ಲ? ಬಂದಿತ್ತು. ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಶುಕ್ರವಾರ ಬೆಳಿಗ್ಗೆ ಚಿಕ್ಕವಳು ಕಾಲೇಜಿಗೆ ಸೇರಿದಳು. ಹೆಂಗಸರು ಬಕೆಟ್ಟು ಎತ್ತಿಕೊಂಡರು. ಮೇಸ್ತ್ರಿ ಉಸಿರು ಬಿಟ್ಟ. ಅಂಕಪ್ಪ ತೊಳೆದ ಲೋಟದಲ್ಲಿ ಚಹಾ ಕುಡಿಯಲು ಇನ್ನೇನು ಬಾಯಿಗಿಡಬೇಕು, ಬಾಗಿಲಲ್ಲಿ ಸೋಪಕ್ಕ. ಪಕ್ಕದಲ್ಲಿ ಇನ್ನೊಬ್ಬ ಹುಡುಗಿ, ಅಂಗಿಯ ತೋಳನ್ನು ಮೊಣಕೈಗಿಂತ ಮೇಲೆ ಮಡಿಸಿದ್ದಳು.

"ಮತ್ತೇನಮ್ಮ? ಎಲ್ಲಾ ಮುಗೀತಲ್ಲ?"

"ಅರ್ಧ ಮುಗೀತು ಸಾರ್. ಅಂಕವೇ ಎಲ್ಲ ಅಂದ್ರಿ, ಚಿಕ್ಕವಳು ಸೇರಿದ್ಲು. ಅಂಕವೇ ಎಲ್ಲ ಅಲ್ಲ, ಒಂದು ಪರೀಕ್ಷೆ ಮನುಷ್ಯನನ್ನ ಅಳೆಯೋಕಾಗಲ್ಲ ಅಂತ ಅವತ್ತು ಇದೇ ಕೋಣೇಲಿ ಅಂದವರೂ ನೀವೇ. ಅದು ನನಗೆ ಬಹಳ ಹಿಡಿಸ್ತು. ಇವಳು ನನ್ನ ದೊಡ್ಡ ಮಗಳು."

ಅಂಕಪ್ಪ ಲೋಟ ಕೆಳಗಿಟ್ಟ. ಬಾಯಿ ತೆರೆದ. ಅಂಕ ಎಂದು ಶುರುಮಾಡಿ ಅಲ್ಲಿಗೇ ನಿಂತ. ಯಾವ ಕಡೆ ಮುಗಿಸಿದರೂ ಅವನ ಮಾತೇ ಅವನ ಕಾಲು ಹಿಡಿಯುತ್ತಿತ್ತು.

"ಯೋಚನೆ ಮಾಡಿ ಸಾರ್, ಅವಸರ ಇಲ್ಲ" ಎಂದಳು ಸೋಪಕ್ಕ.

ಅವಳು ಖಾಲಿ ಕುರ್ಚಿಯೊಂದನ್ನು ಮಗಳಿಗೆ ಎಳೆದುಕೊಟ್ಟಳು. ಇನ್ನೊಂದನ್ನು ತಾನು ಎಳೆದುಕೊಂಡು ಕೂತಳು.